ಹೆಪ್ಪು

ಶಿರ್ವದ ಸೆವ್ರಿನ್ ಬಾಯಿ ತಂದದ್ದು ಮೊಸರು,
ಹಾರ್ಲಿಕ್ಸ್ ಬಾಟಲಿಯಲ್ಲಿ.
“ಕಾಯಿಸಲು ಪುರುಸೊತ್ತಿಲ್ಲ, ಹಸಿಗೇ ಹೆಪ್ಪು ಹಾಕಿದ್ದು.”
ಹುಳಿಯಾದದ್ದು ಸುಳ್ಳು ಹೇಳುತ್ತದೆ, ಎಂದೆ.
ಆದರೂ ಒಂದು ತೊಟ್ಟು ಬಣ್ಣ ಬಿಟ್ಟೆ:
ಕದಡಿತು, ಕರಣೆ ಕಟ್ಟಿತು, ಬಾಯಿ ಬಿಡಲಿಲ್ಲ.

ಏಳು ತಿಂಗಳಿಗೆ ಕಂದು ಹಾಕಿದೆ ಬೊಳ್ಳು.
ಬರಿಗೈಯಲ್ಲಿ ಎಳೆದು ಹೂತವರು ಗಂಡ;
ಅವರ ಜ್ವರಕ್ಕೀಗ ಮಲ್ಪೆ ಅಳಿವೆಯ ಚಾಳಿ,
ಸಂಜೆ ಉಬ್ಬಿ, ಬೆಳಗಿಗೆ ಇಳಿದು.

ಮರುದಿನ ಆಗಷ್ಟೇ ಕರೆದ ಹಾಲು. ಸಪೂರ ಕೊಳವೆ.
ಒಂದು ಗಂಟೆ. ಸ್ಟೂಲಿನ ಮೇಲೆ ಬಾಯಿ, ಕೈಯಲ್ಲಿ ಕೊಡೆ.
ಕೆನೆಯಲ್ಲಿ ಮೆಲ್ಲಗೆ
ನೀಲಿ ಬಳೆ.
“ಎಷ್ಟು ಚಂದ ಉಂಟಲ್ಲ!”

ರಿಜಿಸ್ಟರು ಬಿಡಿಸಿ ಕೇಳಿದೆ:
ನಿಮ್ಮಲ್ಲಿಂದ ಹೆಪ್ಪಿಗೆ ಯಾರೆಲ್ಲ ಒಯ್ದರು?
ಹೆಬ್ಬೆರಳು ಗೆಣ್ಣಿಂದ ಗೆಣ್ಣಿಗೆ ನಡೆಯಿತು,
ತೇರ್ಸ ಎಣಿಸುವ ಹಾಗೆ.
ಒಂದು ಕೈ ಮುಗಿಯಿತು.
ಕೊಡೆ ಕೆಳಗಿಟ್ಟು
ಇನ್ನೊಂದು ಕೈ ತೆರೆದರು.