ಬೋರ್ಡಿಗೆ ಹತ್ತು ಸಾಲು

ಸಾಹೇಬರು ಅಂದರು: ಜನ ಕೇಳಿದ್ದನ್ನೇ ಕೇಳ್ತಾರ,
ಹತ್ತು ಪ್ರಶ್ನೆ ಆರಿಸಿ ಕೊಡಮ್ಮ, ಉತ್ತರ ಸಮೇತ,
ಬೋರ್ಡು ಬರೆಸೋಣ. ನಿನ್ನ ಗಂಟಲಾದರೂ ಉಳಿದೀತು.

ರಾಯಚೂರಿನ ಏಪ್ರಿಲ್. ಬೆಳಿಗ್ಗೆ ಒಂಬತ್ತಕ್ಕೇ
ವಿಚಾರಣೆ ಕಿಟಕಿಯ ಸರಳು ಮುಟ್ಟಿದರೆ ಚುರ್.
ದೇವದುರ್ಗದ ಮೊದಲ ಬಸ್ಸು ಬಂತೆಂದು
ಯಾರೂ ಹೇಳಬೇಕಿಲ್ಲ ನನಗೆ,
ಸಾಲಿಗೆ ಸಜ್ಜಿ ರೊಟ್ಟಿಯ, ಪುಂಡಿಪಲ್ಯದ ವಾಸನೆ ಹತ್ತುತ್ತದೆ.

ಚೀಟಿ ಎಲ್ಲಿ ಮಾಡಸ್ಬೇಕ್ರಿ. ಬರೆದೆ, ಒಂದು.
ರಕ್ತ ಕೊಡಾಕ ಉಂಡು ಬರಬೇಕಾ, ಉಪಾಸಾ. ಎರಡು.
ಆಧಾರಿನ್ಯಾಗ ಹುಸೇನಮ್ಮ, ರೇಷನ್ ಕಾರ್ಡಿನ್ಯಾಗ ಹುಸೇನಬಿ,
ಇಬ್ಬರೂ ನಾನ ಅಂತ ಯಾರ ಮುಂದ ಹೇಳ್ಲಿ?
ಮೂರು ಎಂದು ಬರೆದು ಪೆನ್ನು ನಿಂತಿತು.
ಇದರ ಉತ್ತರ ಎರಡು ಕಚೇರಿ, ಒಂದು ನೋಟರಿ,
ಹೋಗಿಬರುವ ನಾಲ್ಕು ಬಸ್ಸಿನಷ್ಟು ಉದ್ದ.

ಪೇಂಟರ್ ಶೇಕ್ಷಾವಲಿ ಬಂದು ಗೋಡೆ ಅಳೆದ.
ಅಕ್ಷರಕ್ಕೆ ಮೂರು ರೂಪಾಯಿ, ಒತ್ತಕ್ಷರದ ಲೆಕ್ಕ ಬೇರೆ.
ಆಸ್ಪತ್ರೆ ಅನ್ನೋದ್ರಾಗ ಎರಡು ಒತ್ತು ಅದಾವ ಅಕ್ಕಾ,
ದವಾಖಾನಿ ಅಂತ ಬರೀಲಾ? ಅಗ್ಗ ಬೀಳ್ತದ.

ಖಾಜಾಬಿ ಕೇಳಿದ್ದು:
ರೋಜಾ ಅದಾವ, ಮಧ್ಯಾಹ್ನದ ಗುಳಿಗಿ
ಹೊತ್ತು ಮುಳುಗಿದ ಮ್ಯಾಲ ತೊಗೊಂಡ್ರ
ಗುಳಿಗಿಗೆ ಸಿಟ್ಟು ಬರ್ತದನು?
ಮಾನ್ವಿಯ ತಾಯಪ್ಪ ಕೇಳಿದ್ದು:
ಎಕ್ಸ್‌ರೇ ಹೊಡಸಿದ ಕೂಡ್ಲೆ ಮೊಣಕಾಲು ಹಗುರಾಗೈತಿ,
ಇನ್ನ ಡಾಕ್ಟರನ್ನ ನೋಡೂದು ಬೇಕಾ?

ಮೂವತ್ತೊಂದು ವರ್ಷ ಹಟ್ಟಿಯ ಗಣಿಗೆ ಇಳಿದವನು
ತನ್ನ ಎದೆಯ ಫಿಲ್ಮನ್ನು ಬಿಸಿಲಿಗೆ ಹಿಡಿದು
ಕೆಮ್ಮಿ, ಕೆಮ್ಮು ಮುಗಿಯುವ ತನಕ ತಡೆದು, ಕೇಳಿದ:
ಅಲ್ಲಲ್ಲಿ ಬೆಳ್ಳಗ ಹೊಳೀತದಲ್ರಿ, ಬಂಗಾರೇನು?
ನಗಿಸಲಿಕ್ಕೇ ಕೇಳಿದ್ದ. ನಕ್ಕೆ.
ಹತ್ತರಲ್ಲಿ ಸೇರಿಸಲಿಲ್ಲ.

ಆಮೇಲೆ ಆ ಹುಡುಗಿ. ಶಾಲೆಯ ಅಂಗಿಯಲ್ಲೇ ಬಂದಿದ್ದಳು,
ಎದೆಯ ಪಿನ್ನಿಗೆ ಇನ್ನೂ ಎರಡು ಪಿನ್ನು ಸಿಕ್ಕಿಸಿಕೊಂಡು.
ಅವ್ವನನ್ನು ಬೇವಿನ ನೆರಳಿಗೆ ಕೂರಿಸಿ ಬಂದು
ಕಿಟಕಿಯ ಅಂಚಿಗೆ ಗಲ್ಲ ಹಚ್ಚಿ, ಸಣ್ಣಗೆ:
ಅಕ್ಕಾರೆ, ಅವ್ವಗ ಏನಾಗೈತಿ ಅಂತ
ಅವ್ವಗ ಗೊತ್ತಾಗಲಾರ್ದಂಗ
ನನಗ ಹೇಳ್ತಾರೇನ್ರಿ ಡಾಕ್ಟರು?
ಮನ್ಯಾಗ ಓದಾಕ ಬರೂದು ನನಗೊಬ್ಬಾಕಿಗೆ.

ನಾಲ್ಕನೇ ಕೋಣೆ, ಅಂದೆ.
ನನಗೆ ಬರುವ ಉತ್ತರಗಳೆಲ್ಲ ಕೋಣೆಯ ನಂಬರುಗಳೇ.

ಬೋರ್ಡು ಬಂತು. ಹಳದಿ ಮೈ, ನೀಲಿ ಅಕ್ಷರ,
ಹತ್ತರ ಕೆಳಗೆ ಒಂದು ಗೇಣು ಖಾಲಿ
(ಶೇಕ್ಷಾವಲಿ ಉಳಿಸಿದ್ದು, ಸಾಹೇಬರು ಇನ್ನೇನಾದರೂ ನೆನೆದಾರೆಂದು).
ಮೊದಲ ದಿನವೇ ಹನ್ನೊಂದನೆಯ ಪ್ರಶ್ನೆ ಹುಟ್ಟಿತು,
ಬಂದವರದೆಲ್ಲ ಅದೊಂದೇ:
ಏನು ಬರ್ದಾರವ್ವಾ ಅದ್ರಾಗ?
ಓದುತ್ತೇನೆ, ಒಂದರಿಂದ ಹತ್ತು, ದಿನಕ್ಕೆ ನಲವತ್ತು ಸಲ.
ಗಂಟಲಿಗೆ ಈಗ ನಾನೂ ಗುಳಿಗಿ ನುಂಗುತ್ತೇನೆ,
ಊಟದ ಮೊದಲೋ ನಂತರವೋ, ಕೇಳಲು ಮರೆತೆ.

ನಿನ್ನೆ ಆ ಹುಡುಗಿ ಮತ್ತೆ ಬಂದಳು, ಅವ್ವನ ಜೊತೆ.
ತಲೆಗೆ ಸೆರಗು ಬಿಗಿಯಾಗಿ ಸುತ್ತಿದ್ದಳು ಅವ್ವ, ಅಂಥ ಸೆಕೆಯಲ್ಲಿ.
ಹುಡುಗಿ ಬೆರಳಿಟ್ಟು ಓದಿ ಹೇಳಿದಳು,
ಚೀಟಿ, ಉಪಾಸ, ಕಾರ್ಡು, ಮಹಡಿ, ಹತ್ತೂ.
ಬೆರಳು ಅಲ್ಲಿಗೆ ನಿಲ್ಲಲಿಲ್ಲ,
ಖಾಲಿ ಹಳದಿಯ ಮೇಲೆ ಎಡದಿಂದ ಬಲಕ್ಕೆ ನಿಧಾನ ಸರಿಯಿತು:
ಗಾಬ್ರಿ ಆಗೂದು ಏನಿಲ್ಲ, ಅಂತ ಬರ್ದಾರ.
ಮಗಳ ಜೋಡಿ ತಪ್ಪದ ಬಂದ್ರ ಸಾಕಂತ.

ಅವ್ವ ನನ್ನ ಕಡೆ ತಿರುಗಿದಳು. ಖರೇನ್ರಿ?

ಖರೇ, ಅಂದೆ.
ಆಕೆ ಆ ಸಾಲನ್ನು ಮುಟ್ಟಲು ಕೈ ಚಾಚಿದಳು.
ಮುಟ್ಟಬ್ಯಾಡ್ರಿ, ಬಣ್ಣ ಇನ್ನ ಹಸಿ ಐತಿ, ಅಂದೆ.

ಒಣಗಿ ಹದಿನೈದು ದಿನವಾಗಿತ್ತು.