ನೆಫಾಸಿತ್ ಏರು

ನೆಫಾಸಿತ್‌ನಿಂದ ಅಸ್ಮರಾಕ್ಕೆ ಹತ್ತುವುದು
ದಾರಿಯಲ್ಲ, ಮೇಲಕ್ಕೆ ಎಳೆದು ಕಟ್ಟಿದ ಹಗ್ಗ,
ತಿರುವಿಗೊಂದು ಗಂಟು.
ಕೆಳಗೆ ಮಂಜು, ಪಕ್ಕದಲ್ಲಿ ಪಾಪಾಸುಕಳ್ಳಿ,
ಬಕೆಟ್ಟಿನಲ್ಲಿ ಬೆಲೆಸ್ ಹಣ್ಣು ಮಾರುವ ಹುಡುಗರು,
ಮೋಟುಗೋಡೆಯ ಮೇಲೆ ಕೂತು
ನಮ್ಮನ್ನು ಎಣಿಸುವ ಕೋತಿಗಳು.
ಭಾನುವಾರ ಬೆಳಿಗ್ಗೆ, ಹನ್ನೊಂದು ಸೈಕಲ್ಲು.

ಹನ್ನೊಂದನೆಯದು ಲೆತೆಕಿದಾನಳದು.
ಮೂರನೆಯ ವಾರವಷ್ಟೇ ಅವಳು ನಮ್ಮ ಜೊತೆ.
ಸರಪಳಿ ಸರಿಯಿತ್ತು, ಎಣ್ಣೆ ಹಾಕಿದವನು ನಾನೇ,
ಉಸಿರು ಮಾತ್ರ ಹಲ್ಲು ತಪ್ಪುತ್ತಿತ್ತು.

ಹಿಂದಕ್ಕೆ ಬಿದ್ದೆ, ಪಕ್ಕಕ್ಕೆ ಬಂದೆ,
ಯಾವತ್ತಿನ ಹಾಗೆ ಬಲಗೈಯನ್ನು ಅವಳ ಬೆನ್ನಿಗಿಟ್ಟೆ,
ಸೊಂಟಕ್ಕಿಂತ ಒಂದು ಗೇಣು ಮೇಲೆ.
ತಳ್ಳಿದೆ. "ಅಜೋಖಿ" ಅಂದೆ, ಧೈರ್ಯ ಮಗಳೇ.

"ಕೈ ತೆಗೀರಿ."

ಕೂಗಲಿಲ್ಲ. ತಿರುಗಿಯೂ ನೋಡಲಿಲ್ಲ.
ಎರಡು ಪದಕ್ಕೆ ಬೇಕಾದಷ್ಟು ಗಾಳಿಯನ್ನು
ಆ ಏದುಸಿರಿನಲ್ಲೂ ಹೇಗೋ ಹೊಂಚಿಕೊಂಡಿದ್ದಳು.

ತೆಗೆದೆ.
ತೆಗೆದ ಕೈಯನ್ನು ಎಲ್ಲಿಡುವುದು ತಿಳಿಯಲಿಲ್ಲ.
ಹ್ಯಾಂಡಲ್ಲಿಗೆ ತಂದರೂ ಅದು ಗಾಳಿಯಲ್ಲೇ ಇತ್ತು
ಅರ್ಬರೋಬದವರೆಗೆ.
ಅಲ್ಲಿ ನಮ್ಮ ಚಹಾ ಮುಗಿದು ಲೋಟ ಒಣಗಿದ ಮೇಲೆ
ಅವಳು ಬಂದಳು, ಬಾಟಲಿಯ ನೀರು ಕುಡಿದಳು,
ತಡವಾಯಿತು ಅನ್ನಲಿಲ್ಲ.

ನಲವತ್ತು ವರ್ಷ ರಿಪೇರಿ ಮಾಡಿದ ಕೈ ಇದು.
ಕೇಳದೆ ಮುಟ್ಟುವುದೇ ಇದರ ಕಸುಬು,
ಊರವರ ರಿಮ್ಮು, ಬ್ರೇಕು, ಸೀಟು,
ಬಾಗಿಲಿಗೆ ಒರಗಿಸಿ ಹೋದರೆ ಸಾಕು.
ನನ್ನಣ್ಣ ಗೆಬ್ರೈ ನನ್ನನ್ನೂ ಹೀಗೇ ತಳ್ಳಿದ್ದ
ಇದೇ ಏರಿನಲ್ಲಿ. ಅವನೂ ಕೇಳಲಿಲ್ಲ.
ಬೇಡ ಅನ್ನಬಹುದೆಂದು ನನಗೂ ಹೊಳೆಯಲಿಲ್ಲ.
ಹೊಳೆದಿದ್ದರೆ ಅನ್ನುತ್ತಿದ್ದೆನೇನೋ.
ಅವನ ಕೈ ಬಿಸಿಯಾಗಿತ್ತು, ಗೆಳೆಯರು ನೋಡುತ್ತಿದ್ದರು.
ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಮಕಿಯಾಟೊ ಮುಂದೆ ನಮ್ಮವರು ಅಂದರು:
ಈ ಕಾಲದ ಹುಡುಗಿಯರಪ್ಪಾ,
ಕೈ ಕೊಟ್ಟರೆ ಕಚ್ಚುತ್ತಾರೆ.
ನಕ್ಕೆ. ನಗು ಅರ್ಧ ಸುತ್ತಿಗೇ ನಿಂತಿತು
ಬಾಗಿದ ಚಕ್ರ ಫೋರ್ಕಿಗೆ ಉಜ್ಜಿ ನಿಲ್ಲುವ ಹಾಗೆ.

ಬೆನ್ನು ತಟ್ಟುವುದು, ಬೆನ್ನಿಗೆ ನಿಲ್ಲುವುದು,
ಬೆನ್ನು ಹತ್ತುವುದು, ಬೆನ್ನಿಗೆ ಇರಿಯುವುದು,
ಎಲ್ಲಕ್ಕೂ ಬೆನ್ನು ಬೇಕು.
ಬೆನ್ನಿಗೆ ಮಾತ್ರ ಕಣ್ಣಿಲ್ಲ.
ಬಂದದ್ದು ಯಾವುದೆಂದು ಅದು ಹೇಗೆ ತಿಳಿಯಬೇಕು?

ಗುರುವಾರ ಅಂಗಡಿಗೆ ಬಂದಳು, ಸ್ಪೋಕು ಮುರಿದಿತ್ತು.
ನಾನು ಸ್ಪೋಕು ಬಿಗಿಯುತ್ತಿರುವಾಗ ತಾನಾಗಿ ಹೇಳಿದಳು:
"ಬಸ್ಸಿನಲ್ಲಿ, ಬ್ರೆಡ್ಡಿನ ಸಾಲಿನಲ್ಲಿ, ಸಂತೆಯಲ್ಲಿ
ಮೈಯೆಲ್ಲ ಮಂದಿ, ಅಯಾ ಮೆಹಾರಿ.
ಸೈಕಲ್ಲು ಹತ್ತಿದಾಗಷ್ಟೇ
ಸುತ್ತ ಒಂದು ಮಾರು ಜಾಗ ನನ್ನದು.
ನಿಧಾನವಾಗಲಿ, ಆ ಏರು ನನ್ನದಾಗಿರಲಿ."
ನಕ್ಫಾ ನೋಟು ಎಣಿಸಿ ಕೊಟ್ಟಳು, ಚಿಲ್ಲರೆಯೂ ಸರಿಯಾಗಿ.
ಕ್ಷಮಿಸು ಅನ್ನಲು ಬಾಯಿ ತೆರೆದೆ,
"ಹಿಂದಿನ ಟೈರು ಸವೆದಿದೆ" ಅಂದೆ.

ಮುಂದಿನ ಭಾನುವಾರ ಪುಟ್ಟ ಯೋನಾಸನ ಪಕ್ಕ ಬಂದು
"ತಳ್ಳಲೇನೋ?" ಅಂತ ಕೇಳಿದೆ.
"ಇದನ್ನೂ ಕೇಳ್ತೀರಾ!" ಅಂತ ನಕ್ಕ.
ಆಮೇಲೆ ಯೋಚಿಸಿದ. "ಆ ಕಂಬದ ತನಕ ಮಾತ್ರ."

ಮಳೆ ನಿಂತು ಗುಡ್ಡ ಹಳದಿಯಾಗುವ ಹೊತ್ತಿಗೆ
ನನ್ನ ಮಂಡಿ ಒಣ ಬೇರಿಂಗಿನಂತೆ ಕಿರುಗುಟ್ಟತೊಡಗಿತು.
ಹನ್ನೊಂದನೆಯವನು ಈಗ ನಾನು.
ಅವಳು ಹಿಂದಕ್ಕೆ ಬಿದ್ದಳು, ಪಕ್ಕಕ್ಕೆ ಬಂದಳು,
ಒಂದು ಮಾರು ಬಿಟ್ಟು.
"ಕೈ ಕೊಡಲೇ?"

ಅರವತ್ತಮೂರು ವರ್ಷದಲ್ಲಿ ಮೊದಲ ಸಲ
ಯಾರೋ ನನ್ನ ಬೆನ್ನನ್ನು ಕೇಳಿದ್ದರು.
ಬೇಡ ಅನ್ನುವುದರ ರುಚಿ ನೋಡಬೇಕೆನ್ನಿಸಿತು.
"ಬೇಡ" ಅಂದೆ. ರುಚಿಯಾಗಿಯೇ ಇತ್ತು.

ಅವಳು ಮುಂದೆ ಹೋಗಲಿಲ್ಲ.
ಗೇರು ಇಳಿಸಿ, ಗಾಳಿ ಬೀಸುವ ಕಡೆಗೆ ಸರಿದು,
ನನ್ನ ನಿಧಾನಕ್ಕೆ ತನ್ನ ನಿಧಾನ ಜೋಡಿಸಿದಳು.
ನಡುವೆ ಆ ಒಂದು ಮಾರು
ನಮ್ಮಿಬ್ಬರ ಜೊತೆಗೇ ಏರುತ್ತಿತ್ತು.

ಕೋತಿಗಳು ಎಣಿಸಿದವು.
ಇನ್ನೆರಡು ತಿರುವು ಇರುವಾಗ
ಮಂಡಿ ಪೂರ್ತಿ ಕೈಕೊಟ್ಟಿತು.

"ಈಗ" ಅಂದೆ.