ಆರನೇ ಸಾಲು, ಬರ್ಕಾ

ಬಲೆಮನೆ ಕಾದು ಹಂಚಾಗುವ ಮುನ್ನ, ಐದೂವರೆಗೆ,
ಚಿಮಟದಲ್ಲಿ ಟೊಮೆಟೊ ಹೂವಿನ ಕೇಸರ ಕಿತ್ತು
ಕಾಡಿನವಳ ಪರಾಗ ಸವರುತ್ತೇನೆ.

ಕಾಡಿನವಳೆಂದರೆ ಯಾವುದೋ ಕಡಲ ನಡುವಿನ ಕಲ್ಲುದ್ವೀಪದವಳು;
ಮೈತುಂಬ ರೋಮ, ಕಡಲೆ ಗಾತ್ರದ ಹಣ್ಣು,
ಮುಟ್ಟಿದರೆ ಮಧ್ಯಾಹ್ನದ ಅನ್ನಕ್ಕೂ ಅವಳದೇ ವಾಸನೆ.
ಅಲೆ ಸಿಡಿಯುವ ಬಂಡೆಯಲ್ಲಿ ಬೇರೂರಿ
ಉಪ್ಪನ್ನು ಎಲೆಯೊಳಗೆ ಬಚ್ಚಿಡಲು ಕಲಿತವಳು.

ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತೇವೆ ನಾವು.
ಖಲ್ಫಾನ್ ಅಜ್ಜನ ಬಾವಿಯಲ್ಲಿ
ನೀರೇ ಉಪ್ಪು ತಿಂದಿದೆ.
ಪಂಪು ಎಳೆದಷ್ಟೂ ನೆಲದಡಿಯಿಂದ
ಕಡಲು ಬಂತು, ಬಾಗಿಲು ತಟ್ಟದೆ.
ಖರ್ಜೂರದ ಗಿಡಗಳೂ ತಲೆ ಬಾಗಿಸಿದವು.

ಮೊದಲ ಪೀಳಿಗೆ ಬದುಕಿತು. ಕಹಿ.
ಮೂರನೆಯದು ಕೆಂಪಾಯಿತು, ಬಿರಿಯಿತು.
ನಾಲ್ಕು, ಐದು: ನೋಟ್‌ಬುಕ್ಕಿನಲ್ಲಿ ಬರೀ ಅಡ್ಡಗೆರೆ.

ಇವತ್ತು ಆರನೇ ಸಾಲಿನ ಹನ್ನೊಂದನೇ ಗಿಡದಿಂದ
ಒಂದು ಕಿತ್ತು, ದಿಶ್‌ದಾಶದ ತೋಳಿಗೆ ಒರೆಸಿ
ಅಜ್ಜ ಕಚ್ಚಿದರು.
ಬಹಳ ಹೊತ್ತು ಅಗಿದರು.
ಬೀಜ ಬೇಕಲ್ಲ ನನಗೆ,
ಅದನ್ನು ನನ್ನ ಅಂಗೈಗೇ ಉಗುಳಿದರು.

"ಹುಳಿ" ಅಂದರು.
ಕೈ ಆಗಲೇ ಹನ್ನೆರಡನೇ ಗಿಡದತ್ತ.
ಅದಕ್ಕಿನ್ನೂ
ನಾನು ಚೀಟಿಯನ್ನೇ ಕಟ್ಟಿಲ್ಲ.